ಉದುರು ಕಾಫಿ ಕುಡಿಯುವವರ ಸಿಂಗಲ್ ಒರಿಜಿನ್

ನಮ್ಮಪ್ಪ ನಲವತ್ತು ವರ್ಷದಿಂದ ಕಾಫಿ ಬೆಳೆಯುತ್ತಿದ್ದಾರೆ. ತಮ್ಮ ತೋಟದ ಒಳ್ಳೆಯ ಕಾಫಿಯನ್ನು ಅವರು ಮೊದಲ ಸಲ ಕುಡಿದಿದ್ದು ಹೋದ ವರ್ಷ.

ಕಾಫಿ ಸೀಮೆಯವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಹಣ್ಣು ಕೊಯ್ದು, ಪಲ್ಪ್ ಮಾಡಿ (ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿ), ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇರುವ ಕಾಳು, ಅಷ್ಟೂ ಮೂಟೆಗೆ ಹೋಗುತ್ತದೆ, ಮೂಟೆ ಪೇಟೆಗೆ ಹೋಗುತ್ತದೆ. ಮನೆಗೆ ಉಳಿಯುವುದು ಉದುರು. ಗಿಡದ ಬುಡದಲ್ಲಿ ಬಿದ್ದದ್ದು, ಮಳೆಗೆ ಸಿಕ್ಕಿ ಒಡೆದದ್ದು, ನೀರಿಗೆ ಹಾಕಿದರೆ ತೇಲುವ ಜೊಳ್ಳು. ಅಮ್ಮ ಅದನ್ನೇ ಕಪ್ಪಗೆ ಹುರಿದು, ಪುಡಿ ಮಾಡಿಸಿ, ಅಂಗಡಿಯಿಂದ ಚಿಕೋರಿ ತಂದು ಬೆರೆಸುತ್ತಾರೆ. ಅದಕ್ಕೆ ಗಟ್ಟಿ ಹಾಲು, ಎರಡು ಚಮಚ ಸಕ್ಕರೆ. ಅಜ್ಜಿ ಇದ್ದಾಗ ಬೆಲ್ಲ. ನಾನು ಬೆಳೆದಿದ್ದೇ ಆ ಕಾಫಿ ಕುಡಿದು. ಅದನ್ನು ಬೈಯಲು ನನಗೆ ಮನಸ್ಸಿಲ್ಲ.

ಇದನ್ನೆಲ್ಲ ಬರೆಯಲು ಕಾರಣ ಬೆಂಗಳೂರಿನ ಒಂದು ಕೆಫೆಯಲ್ಲಿ ನೋಡಿದ ಪ್ಯಾಕೆಟ್. ಕಾಲು ಕೆಜಿಗೆ 650 ರೂಪಾಯಿ. ಮುಂದೆ ದಪ್ಪಕ್ಷರದಲ್ಲಿ 'ಸಿಂಗಲ್ ಒರಿಜಿನ್, ಬಾಬಾಬುಡನ್‌ಗಿರಿ'. ಅಂದರೆ ಬೇರೆ ಕಡೆಯದನ್ನು ಬೆರೆಸದ, ಒಂದೇ ಜಾಗದ ಕಾಫಿ ಅಂತ. ಹಿಂದೆ ಅದೇ ಕಥೆ: ಹದಿನೇಳನೇ ಶತಮಾನ, ಮೆಕ್ಕಾ ಯಾತ್ರೆಗೆ ಹೋಗಿದ್ದ ಬಾಬಾ ಬುಡನ್, ಯೆಮೆನ್‌ನಿಂದ ಬಚ್ಚಿಟ್ಟು ತಂದ ಏಳು ಕಾಳು. ಜೊತೆಗೆ ಮಂಜು ಮುಸುಕಿದ ಬೆಟ್ಟದ ಚಿತ್ರ. ಕೆಳಗೆ ರುಚಿ: ಕಿತ್ತಳೆ, ಬೆಲ್ಲ, ಚಾಕೊಲೇಟ್. (ಕಾಫಿಯಲ್ಲಿ ಬೆಲ್ಲದ ರುಚಿ ಇದೆಯಂತೆ ಅಂದರೆ ನಮ್ಮಜ್ಜಿ, "ಬೆಲ್ಲ ಹಾಕಿದ್ರೆ ಬೆಲ್ಲದ ರುಚಿ ಬರ್ದೆ ಉಪ್ಪಿನ ರುಚಿ ಬರುತ್ತಾ?" ಅನ್ನುತ್ತಿದ್ದರು.)

ಕೌಂಟರ್‌ನಲ್ಲಿದ್ದ ಹುಡುಗನನ್ನು ಕೇಳಿದೆ, "ಇದು ಯಾವ ತೋಟದ್ದು?"

"ಬಾಬಾಬುಡನ್‌ಗಿರೀದು ಸರ್."

"ಅದು ಬೆಟ್ಟ. ತೋಟ ಯಾವುದು?"

ಪಾಪ, ಅವನು ಒಳಗೆ ಹೋಗಿ ಕೇಳಿಕೊಂಡು ಬಂದ. "ಚಿಕ್ಕಮಗಳೂರು ಸರ್."

ಬಾಬಾಬುಡನ್‌ಗಿರಿ ಅಂದರೆ ಒಂದು ಜಾಗ ಅಲ್ಲ. ಅರ್ಧಚಂದ್ರದ ಆಕಾರದಲ್ಲಿ ಬಾಗಿರುವ ಸಾಲು ಬೆಟ್ಟ. ಅದಕ್ಕೇ ಚಂದ್ರದ್ರೋಣ ಅನ್ನುವ ಹೆಸರು ಬಂದಿದ್ದು. ಮುಳ್ಳಯ್ಯನಗಿರಿಯ ತುದಿ 1,900 ಮೀಟರ್‌ಗೂ ಮೇಲಿದೆ, ರಾಜ್ಯದಲ್ಲೇ ಎತ್ತರ. ಅದರ ಸುತ್ತ ಇಳಿಜಾರುಗಳಲ್ಲಿ ದೊಡ್ಡ ದೊಡ್ಡ ಎಸ್ಟೇಟುಗಳೂ ಇವೆ, ನಮ್ಮಂಥವರ ಮೂರೂವರೆ ಎಕರೆಯೂ ಇದೆ. ಕಾಫಿ ಬೋರ್ಡಿನ ಲೆಕ್ಕದಲ್ಲಿ 10 ಹೆಕ್ಟೇರ್‌ವರೆಗೆ ಇದ್ದವರೆಲ್ಲ ಸಣ್ಣ ಬೆಳೆಗಾರರು. ಅಂದರೆ ಸುಮಾರು 25 ಎಕರೆ. ನಮ್ಮೂರಲ್ಲಿ 25 ಎಕರೆ ಇದ್ದವರನ್ನು ಸಾಹುಕಾರರು ಅಂತ ಕರೆಯುತ್ತೇವೆ, ಇರಲಿ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಜಾಸ್ತಿ ಈ ಸಣ್ಣವರದ್ದೇ. ಆದರೆ ಹೆಸರು ಹೊತ್ತ ಪ್ಯಾಕೆಟ್‌ಗಳನ್ನು ಒಮ್ಮೆ ತಿರುಗಿಸಿ ನೋಡಿ. ಒಂದೋ ಎಸ್ಟೇಟಿನ ಹೆಸರು ಇರುತ್ತದೆ, ಇಲ್ಲವೇ ಬೆಟ್ಟದ ಹೆಸರು. ನಡುವೆ ಇರುವ ನಾವು ಎಲ್ಲೂ ಇರುವುದಿಲ್ಲ.

ಹಾಗಾದರೆ ನಮ್ಮ ಕಾಫಿ ಎಲ್ಲಿ ಹೋಗುತ್ತದೆ? ಪೇಟೆಯ ವ್ಯಾಪಾರಿಯ ಗೋಡೌನಿಗೆ. ಅಲ್ಲಿ 4,000 ಅಡಿ ಎತ್ತರದಲ್ಲಿ ಬೆಳೆದ ನಮ್ಮ ಮೂಟೆಯ ಮೇಲೆ ಕೆಳಗಿನ ಊರಿನ 2,800 ಅಡಿಯ ಮೂಟೆ ಬೀಳುತ್ತದೆ. ಸಂಜೆಯ ಹೊತ್ತಿಗೆ ಎರಡೂ ಒಂದೇ ರಾಶಿ.

ನಮ್ಮ ತೋಟದಲ್ಲಿರುವುದು 795. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ತಳಿ, ಇವತ್ತಿಗೂ ಮಲೆನಾಡಿನ ಅರೇಬಿಕಾ ಅಂದರೆ ಅರ್ಧಕ್ಕರ್ಧ ಅದೇ ಅನ್ನಿಸುವಷ್ಟು ಕಡೆ ಕಾಣುತ್ತದೆ. ಅದೇ ಗಿಡ ಮೂಡಿಗೆರೆ ಕಡೆ ಮಾವನ ತೋಟದಲ್ಲೂ ಇದೆ. ಅವರಿಗೆ ನವೆಂಬರ್‌ಗೆಲ್ಲ ಹಣ್ಣು ಕೆಂಪಾಗುತ್ತದೆ. ನಮಗೆ ಡಿಸೆಂಬರ್ ಅರ್ಧ ಕಳೆಯಬೇಕು, ಕೊನೆಯ ಕೊಯ್ಲು ಫೆಬ್ರವರಿಗೆ. ಮೇಲೆ ರಾತ್ರಿ ಚಳಿ. ಚಳಿಗೆ ಹಣ್ಣು ನಿಧಾನಕ್ಕೆ ಮಾಗುತ್ತದೆ. ನಿಧಾನಕ್ಕೆ ಮಾಗಿದ ಹಣ್ಣಿನ ಕಾಳು ಗಟ್ಟಿ, ಅದರಲ್ಲಿ ಸಿಹಿಯೂ ಹುಳಿಯೂ ಸರಿಯಾಗಿ ಕೂಡಿರುತ್ತದೆ. ಎತ್ತರದ ಕಾಫಿ ಅಂತ ಜಗತ್ತು ಮೆಚ್ಚುವುದು ಇದನ್ನೇ.

ಆದರೆ ಅದೇ ಎತ್ತರ ನಮಗೆ ಕೊಡುವ ಕಷ್ಟ ಪ್ಯಾಕೆಟ್ ಮೇಲೆ ಬರುವುದಿಲ್ಲ. ಇಳುವರಿ ಕಮ್ಮಿ. ಗಾಳಿ ಜಾಸ್ತಿ. ಮಧ್ಯಾಹ್ನ ಮೂರಕ್ಕೇ ಮಂಜು ಇಳಿದರೆ ಕಣದಲ್ಲಿ ಹರಡಿದ್ದನ್ನು ಗುಡ್ಡೆ ಮಾಡಿ ಟಾರ್ಪಲ್ ಮುಚ್ಚಬೇಕು, ಬೆಳಿಗ್ಗೆ ಮತ್ತೆ ಹರಡಬೇಕು. ಕೆಳಗಿನವರದ್ದು ಒಣಗಿ ಮಾರಾಟ ಆದಮೇಲೂ ನಮ್ಮದು ಇನ್ನೂ ಕಣದಲ್ಲೇ. ಇಷ್ಟಾಗಿ ವ್ಯಾಪಾರಿ ನೋಡುವುದು ಮೂರೇ ವಿಷಯ: ತೇವ ಎಷ್ಟು, ತೂಕ ಎಷ್ಟು, ಔಟ್‌ಟರ್ನ್ ಎಷ್ಟು. ಒಂದು ಮೂಟೆಯ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಕಾಳು ಸಿಗುತ್ತದೆ ಅನ್ನುವುದು ಔಟ್‌ಟರ್ನ್. ಬಾಯಿಗೆ ಇಟ್ಟು ನೋಡಿ ರೇಟು ಹೇಳಿದ ವ್ಯಾಪಾರಿಯನ್ನು ನಾನು ಇನ್ನೂ ನೋಡಿಲ್ಲ.

ಅಪ್ಪನ ತಲೆಮಾರಿನವರು ಇದಕ್ಕೆ ಪೂಲ್ ಕಾಲದ ಕಥೆ ಹೇಳುತ್ತಾರೆ. 1942ರ ಕಾಫಿ ಕಾಯ್ದೆ ಬಂದಮೇಲೆ ದಶಕಗಳ ಕಾಲ ಬೆಳೆದದ್ದನ್ನೆಲ್ಲ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಮಾಡಿ ಬೋರ್ಡೇ ಮಾರುವ ರಾಶಿಗೆ, ಹಾಕಬೇಕಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಅಜ್ಜ ಒಂದು ವರ್ಷದ ಕಾಫಿಯ ಕೊನೆಯ ಕಂತಿಗೆ ಮುಂದಿನ ಬೆಳೆಯ ಹೊತ್ತಿಗೂ ಕಾದಿದ್ದಿದೆ. 1990ರ ದಶಕದಲ್ಲಿ ಇದು ಸ್ವಲ್ಪ ಸ್ವಲ್ಪವೇ ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರುಕಟ್ಟೆ ಆಯಿತು. ದೊಡ್ಡ ತೋಟದವರು ಅದನ್ನು ಚೆನ್ನಾಗಿ ಬಳಸಿಕೊಂಡರು. ಅವರಲ್ಲಿ ಪಲ್ಪರ್ ಇತ್ತು, ಕಣ ಇತ್ತು, ಇಂಗ್ಲಿಷ್ ಇತ್ತು, ಕಾಯುವ ತಾಕತ್ತಿತ್ತು. ಅವರ ಶ್ರಮ ಸುಳ್ಳಲ್ಲ. ಇವತ್ತು ಭಾರತದ ಕಾಫಿಗೆ ಹೊರಗೆ ಒಂದು ಹೆಸರು ಇದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. ಆದರೆ ನಮ್ಮಂಥವರಿಗೆ ಆದದ್ದು ಇಷ್ಟೇ: ಬೋರ್ಡಿನ ಪೂಲ್ ಹೋಯಿತು, ವ್ಯಾಪಾರಿಯ ಗೋಡೌನಿನ ಪೂಲ್ ಬಂತು. ಒಂದು ವ್ಯತ್ಯಾಸ ಇದೆ. ವ್ಯಾಪಾರಿ ದುಡ್ಡನ್ನು ವಾರದಲ್ಲಿ ಕೊಡುತ್ತಾನೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2019ರಲ್ಲಿ 'ಬಾಬಾಬುಡನ್‌ಗಿರಿ ಅರೇಬಿಕಾ'ಕ್ಕೆ ಜಿಐ ಟ್ಯಾಗ್, ಅಂದರೆ ಆ ಸೀಮೆಯ ಬೆಳೆಗೆ ಮಾತ್ರ ಆ ಹೆಸರು ಅನ್ನುವ ಗುರುತು, ಸಿಕ್ಕಿತು. ಜೊತೆಗೆ ಚಿಕ್ಕಮಗಳೂರು ಅರೇಬಿಕಾ, ಕೊಡಗು ಅರೇಬಿಕಾ, ವಯನಾಡು ರೋಬಸ್ಟಾ, ಅರಕು ಕಣಿವೆಯ ಅರೇಬಿಕಾಕ್ಕೂ. ಪೇಪರ್‌ನಲ್ಲಿ ಬಂತು, ನಮಗೂ ಖುಷಿ ಆಯಿತು. ಆದರೆ ಹೆಸರಿಗೆ ಬೇಲಿ ಹಾಕಿದರೆ ಸಾಕಾಗುವುದಿಲ್ಲ. ಬೇಲಿ ಒಳಗಿನ ಕಾಫಿ ಗೋಡೌನಿನಲ್ಲಿ ಕಲೆತು ಹೋದಮೇಲೆ ಆ ಹೆಸರನ್ನು ಯಾವ ಮೂಟೆಗೆ ಅಂಟಿಸುವುದು?

ಬೇರೆ ಕಡೆ ಇದನ್ನು ಹೇಗೆ ಬಿಡಿಸಿಕೊಂಡಿದ್ದಾರೆ ಅಂತ ನೋಡಿದರೆ ಉತ್ತರ ಬಹಳ ಸರಳ. ಹಣ್ಣನ್ನೇ ಒಟ್ಟು ಮಾಡುತ್ತಾರೆ. ಇಥಿಯೋಪಿಯಾದ ಯಿರ್ಗಾಚೆಫೆಯಲ್ಲಿ ಮನೆ ಹಿತ್ತಲಲ್ಲಿ ಒಂದೆರಡು ಎಕರೆ ಕಾಫಿ ಇಟ್ಟುಕೊಂಡವರು ಕೊಯ್ದ ಹಣ್ಣನ್ನು ಹತ್ತಿರದ ವಾಷಿಂಗ್ ಸ್ಟೇಷನ್‌ಗೆ ಹಾಕುತ್ತಾರೆ. ಪಲ್ಪ್ ಮಾಡುವುದು, ತೊಳೆಯುವುದು, ಮಂಚದ ಮೇಲೆ ಒಣಗಿಸುವುದು ಎಲ್ಲ ಅಲ್ಲೇ. ಕೊಳ್ಳುವವನು ಆ ಸ್ಟೇಷನ್‌ನ ಹೆಸರನ್ನೇ ಪ್ಯಾಕೆಟ್ ಮೇಲೆ ಹಾಕುತ್ತಾನೆ. ನೂರಾರು ಮನೆ, ಒಂದೇ ಹೆಸರು. ಅಷ್ಟು ದೂರ ಯಾಕೆ, ಆಂಧ್ರದ ಅರಕುವಿನಲ್ಲಿ ಆದಿವಾಸಿ ಕುಟುಂಬಗಳ ಸಣ್ಣ ಸಣ್ಣ ತೋಟದ ಹಣ್ಣು ಹೀಗೇ ಒಟ್ಟಾಗಿ ಸಂಸ್ಕರಣೆ ಆಗಿ, 2017ರಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿಯನ್ನೇ ತೆರೆಯಿತು. ಅರಕು ನಮಗಿಂತ ಎತ್ತರ ಏನಲ್ಲ.

ಹಾಗಾಗಿ ನನ್ನ ಲೆಕ್ಕದಲ್ಲಿ ಸಿಂಗಲ್ ಒರಿಜಿನ್ ಅಂದರೆ ಒಬ್ಬ ಮಾಲೀಕ ಅಂತ ಅಲ್ಲ, ಒಂದು ಇಳಿಜಾರು. ಒಂದೇ ಹಳ್ಳದ ನೀರು, ಒಂದೇ ಗಾಳಿ, ಒಂದೇ ಎತ್ತರ, ಹೆಚ್ಚುಕಮ್ಮಿ ಒಂದೇ ತಳಿ. ನಮ್ಮ ಹಳ್ಳದ ಮೇಲೆ ಹನ್ನೊಂದು ಮನೆ ಇವೆ. ಹನ್ನೊಂದೂ ಸೇರಿದರೆ ಒಂದು ಎಸ್ಟೇಟಿಗೆ ಏನೂ ಕಮ್ಮಿ ಇಲ್ಲ.

ಮಾತಿಗೆ ಹೇಳುತ್ತಿಲ್ಲ, ಮಾಡಿ ನೋಡಿದ್ದೇವೆ. ಹೋದ ವರ್ಷ ಮೂರು ಮನೆ ಸೇರಿ ಒಂದು ಕೊಯ್ಲಿನ ಹಣ್ಣು ಒಟ್ಟು ಮಾಡಿದೆವು. ಹೇಳಿದಷ್ಟು ಸುಲಭ ಇರಲಿಲ್ಲ. ಕೊಯ್ಯುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಕೆಂಪು, ಹಳದಿ, ಹಸಿರು ಅಂತ ನೋಡದೆ ರೆಂಬೆಯನ್ನು ಒಮ್ಮೆ ಸವರಿದರೆ ಅವರಿಗೆ ಲಾಭ. ಪೂರ್ತಿ ಕೆಂಪಾದದ್ದನ್ನು ಮಾತ್ರ ಕೊಯ್ಯಿರಿ ಅಂದರೆ ದಿನಗೂಲಿ ಕೊಡಬೇಕು, ಅದೇ ಗಿಡಕ್ಕೆ ನಾಲ್ಕು ಸಲ ಬರಬೇಕು. ಅಸ್ಸಾಂನಿಂದ ಬಂದ ಹುಡುಗರಿಗೆ ಅಪ್ಪ ಕೈಯಲ್ಲಿ ಒಂದು ಹಣ್ಣು ಹಿಡಿದು ಕನ್ನಡದಲ್ಲೇ ಪಾಠ ಮಾಡಿದರು, ಅವರಿಗೆ ಅರ್ಥವೂ ಆಯಿತು. ಇನ್ನು ಪಲ್ಪರ್. ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ, ಬಿಡಲೂಬಾರದು, ಅದಕ್ಕೆ ಗುಂಡಿ ಬೇಕು, ಜಾಗ ಬೇಕು. ಪಕ್ಕದ ದೊಡ್ಡ ತೋಟದವರು ಎರಡು ದಿನ ತಮ್ಮ ಪಲ್ಪರ್ ಬಳಸಲು ಬಿಟ್ಟರು. ಚಳಿಗೆ ಲೋಳೆ ಬಿಡಲು ಹೆಚ್ಚು ಹೊತ್ತು ಹಿಡಿಯಿತು. ಅಪ್ಪ ರಾತ್ರಿ ಎದ್ದು ಟಾರ್ಚ್ ಹಿಡಿದು ಹೋಗಿ ಕಾಳನ್ನು ಕೈಯಲ್ಲಿ ಉಜ್ಜಿ ನೋಡಿ ಬರುತ್ತಿದ್ದರು. ಬೆರಳಿಗೆ ಜಾರದೆ ಗರಗರ ಅಂದರೆ ತೊಳೆಯುವ ಹೊತ್ತು ಬಂತು ಅಂತ.

ಮಾರ್ಚ್‌ನಲ್ಲಿ ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಗೆಳೆಯನ ಗೆಳೆಯನೊಬ್ಬ ಕಾಫಿ ಹುರಿಯುವವನು. ಮೇಜಿನ ಮೇಲೆ ಐದು ಬಟ್ಟಲು, ಪುಡಿ, ಮೇಲೆ ಬಿಸಿ ನೀರು. ನಾಲ್ಕು ನಿಮಿಷ ಬಿಟ್ಟು, ನೊರೆ ಸರಿಸಿ, ಚಮಚದಲ್ಲಿ ಸೊರ್ ಅಂತ ಹೀರಬೇಕು. ಹೀಗೆ ಹೀರಿ ನೂರಕ್ಕೆ ಅಂಕ ಕೊಡುತ್ತಾರೆ, ಎಂಬತ್ತು ದಾಟಿದರೆ ಸ್ಪೆಷಾಲಿಟಿ, ಅಂದರೆ ಮೇಲ್ದರ್ಜೆಯ ಕಾಫಿ. ಮನೆಯಲ್ಲಿ ಹಾಗೆ ಸದ್ದು ಮಾಡಿ ಕುಡಿದರೆ ಬೈಸಿಕೊಳ್ಳುತ್ತಿದ್ದೆವು, ಇಲ್ಲಿ ಅದೇ ವಿದ್ಯೆ. ಅಪ್ಪ ಹೀರಿದರು. "ಹುಳಿ ಇದೆಯಲ್ಲೋ" ಅಂದರು. ಅದೇ ಒಳ್ಳೆಯದು ಸರ್ ಅಂದ ಅವನು. ಸ್ವಲ್ಪ ಆರಿದ ಮೇಲೆ ಅಪ್ಪ ಮತ್ತೆ ಹೀರಿದರು. ಮೂರನೇ ಸಲವೂ. ಆಮೇಲೆ ಚಮಚ ಕೆಳಗಿಟ್ಟು ನನ್ನ ಕಡೆ ತಿರುಗಿ ಕೇಳಿದರು, "ಇಷ್ಟು ವರ್ಷ ಇದನ್ನಾ ನಾವು ಅವನ ಗೋಡೌನಿಗೆ ಸುರಿದಿದ್ದು?"

ಎಂಬತ್ತು ದಾಟಿತ್ತು.

ಈಗ ದುಡ್ಡಿನ ವಿಷಯ. ಕಾಲು ಕೆಜಿ ಹುರಿದ ಕಾಫಿಗೆ ಸುಮಾರು 300 ಗ್ರಾಂ ಹಸಿ ಕಾಳು ಬೇಕು, ಅದಕ್ಕೆ ಸುಮಾರು 375 ಗ್ರಾಂ ಪಾರ್ಚ್‌ಮೆಂಟ್. 2019ರ ಹೊತ್ತಿಗೆ 50 ಕೆಜಿ ಪಾರ್ಚ್‌ಮೆಂಟ್ ಮೂಟೆಗೆ ಹತ್ತು ಸಾವಿರದ ಆಸುಪಾಸು ಇತ್ತು. ಅಂದರೆ ಆ ಪ್ಯಾಕೆಟ್‌ನಲ್ಲಿ ಬೆಳೆಗಾರನದ್ದು 75 ರೂಪಾಯಿ. 2025ರ ಆರಂಭದಲ್ಲಿ ಬ್ರೆಜಿಲ್, ವಿಯೆಟ್ನಾಂನಲ್ಲಿ ಬೆಳೆ ಕೈಕೊಟ್ಟು ಮೂಟೆ 25 ಸಾವಿರ ದಾಟಿತು. ಆಗಲೂ ಹತ್ತಿರ ಹತ್ತಿರ 190. ಕೆಫೆಯವರು ದೋಚುತ್ತಾರೆ ಅಂತ ನಾನು ಹೇಳುತ್ತಿಲ್ಲ. ಬಾಡಿಗೆ, ಸಂಬಳ, ಕರೆಂಟು ಎಲ್ಲ ಇರುತ್ತದೆ. ನನ್ನ ತಕರಾರು ಬೇರೆ. ನಮ್ಮ ರೇಟು ನಿಲ್ಲುವುದು ನ್ಯೂಯಾರ್ಕ್ ಮಾರುಕಟ್ಟೆಯ ಮೇಲೆ, ನಮ್ಮ ರುಚಿಯ ಮೇಲೆ ಅಲ್ಲ. ರೇಟು ಬಿದ್ದಾಗ ಒಳ್ಳೆಯ ಕಾಫಿ ಮಾಡಲು ಕೈಯಲ್ಲಿ ಕಾಸಿಲ್ಲ. ರೇಟು ಏರಿದಾಗ ಮಾಡುವ ಗರಜಿಲ್ಲ, ಹೇಗಿದ್ದರೂ ಹೋಗುತ್ತದೆ. ಎರಡರಲ್ಲೂ ಸಣ್ಣ ಬೆಳೆಗಾರ ಇದ್ದಲ್ಲೇ ಇರುತ್ತಾನೆ.

ಮೂರು ಮನೆ ಸೇರಿ ಮಾಡಿದ ನಮ್ಮ ಆ ಲಾಟ್ ಅನ್ನು ಒಬ್ಬರು ಕೊಂಡರು. ಪೇಟೆಗಿಂತ ಒಳ್ಳೆಯ ರೇಟನ್ನೇ ಕೊಟ್ಟರು. ಕೊಟ್ಟದ್ದು ಜೂನ್‌ನಲ್ಲಿ. ಹಣ್ಣು ಕೊಯ್ದದ್ದು ಜನವರಿಯಲ್ಲಿ. ನಡುವೆ ಐದು ತಿಂಗಳು. ಕೂಲಿಯವರಿಗೆ ಶನಿವಾರ ಬಟವಾಡೆ, ಅದು ಜೂನ್‌ವರೆಗೆ ಕಾಯುವುದಿಲ್ಲ. ವ್ಯಾಪಾರಿ ಮೂಟೆ ಹಾಕಿದ ವಾರಕ್ಕೆ ದುಡ್ಡು ಕೊಡುತ್ತಾನೆ. ಮಳೆಗಾಲದಲ್ಲಿ ಗೊಬ್ಬರಕ್ಕೆ, ಮಕ್ಕಳ ಫೀಸಿಗೆ ಮುಂಗಡವೂ ಅವನೇ ಕೊಡುತ್ತಾನೆ. ಅವನನ್ನು ಬೈಯುವುದು ಸುಲಭ, ಅವನು ಮಾಡುವ ಈ ಕೆಲಸವನ್ನು ಬೇರೆ ಯಾರು ಮಾಡುತ್ತಿದ್ದಾರೆ ಹೇಳಿ?

ಅದಕ್ಕೇ ಒಳ್ಳೆಯ ಕಾಫಿ ಹುರಿಯುವ ಗೆಳೆಯರಿಗೆ ನನ್ನ ಕೋರಿಕೆ ಒಂದೇ. ಬೆಟ್ಟದ ಕಥೆ ಬೇಡ, ತರಬೇತಿ ಶಿಬಿರ ಬೇಡ, ಕಣದಲ್ಲಿ ಅಪ್ಪನ ಫೋಟೋ ಬೇಡ. ಹಣ್ಣು ಬರುವ ಹೊತ್ತಿಗೆ ಅರ್ಧ ದುಡ್ಡು ಕೊಡಿ. ಕುಡಿಯುವವರೂ ಸುಮ್ನೆ ಯಾವ ಎಸ್ಟೇಟ್ ಅಂತ ಕೇಳಿ ನಿಲ್ಲಿಸಬೇಡಿ. ಬೆಳೆದವನಿಗೆ ಯಾವಾಗ ದುಡ್ಡು ಕೊಟ್ಟಿರಿ ಅಂತ ಕೇಳಿ. ಕೌಂಟರ್‌ನ ಹುಡುಗನಿಗೆ ಉತ್ತರ ಗೊತ್ತಿರಲ್ಲ, ಮತ್ತೆ ಒಳಗೆ ಹೋಗುತ್ತಾನೆ, ಹೋಗಲಿ ಬಿಡಿ.

ಹೋದ ವಾರ ನಮ್ಮ ಜಗಲಿಯಲ್ಲಿ ಹನ್ನೊಂದು ಮನೆಯವರನ್ನೂ ಕರೆದಿದ್ದೆವು. ಏಳು ಮನೆಯವರು ಬಂದರು. ರುಚಿ, ಅಂಕ, ಪ್ಯಾರಿಸ್ ಎಲ್ಲ ಹೇಳಿದೆ. ಎಲ್ಲರೂ ಕೇಳಿಸಿಕೊಂಡರು. ಕೊನೆಗೆ ಮೇಲಿನ ಮನೆ ಚಿಕ್ಕಪ್ಪ, "ಎಲ್ಲ ಸರಿ ಮಾರಾಯ, ದುಡ್ಡು ಯಾವಾಗ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋದ ವರ್ಷದ ಮೂರು ಮನೆಗಳಲ್ಲಿ ಒಂದು ಈ ಸಲ ಬರುವುದಿಲ್ಲ ಅಂದಿದೆ. ಇನ್ನೊಂದು ಯೋಚನೆ ಮಾಡುತ್ತಿದೆ.

ಅಪ್ಪ ಮಾತ್ರ ಆ ಲಾಟ್‌ನಲ್ಲಿ ನಾಲ್ಕು ಕೆಜಿ ಮನೆಗೆ ಅಂತ ಡಬ್ಬದಲ್ಲಿ ಎತ್ತಿಟ್ಟಿದ್ದರು. ಹಗೂರಕ್ಕೆ ಹುರಿಸಿಕೊಂಡು ಬಂದು ಅಮ್ಮನಿಗೆ ಕೊಟ್ಟರು, ಚಿಕೋರಿ ಹಾಕಬೇಡ ಅಂತ ಹೇಳಿ. ಅಮ್ಮ ಎರಡು ದಿನ ಹಾಗೇ ಮಾಡಿದರು. ಎರಡೂ ದಿನ ಅಪ್ಪ ಲೋಟ ಹಿಡಿದು ಅಂಗಳದಲ್ಲಿ ನಿಂತು ನಿಧಾನಕ್ಕೆ ಕುಡಿದರು. ಅಮ್ಮ ಒಂದು ಗುಟುಕು ಕುಡಿದು, "ಬಣ್ಣವೇ ಇಲ್ಲ, ನೀರು ಕುಡಿದ ಹಾಗಿದೆ" ಅಂದರು. ಮೂರನೇ ದಿನ ಬೆಳಿಗ್ಗೆ ಲೋಟದಲ್ಲಿ ಮತ್ತೆ ಚಿಕೋರಿ ಇತ್ತು. ಅಪ್ಪನಿಗೆ ಗೊತ್ತಾಯಿತು. ಏನೂ ಹೇಳಲಿಲ್ಲ, ಕುಡಿದು ತೋಟಕ್ಕೆ ಹೋದರು.