ಟಾರ್ಚ್ ಬಿಟ್ಟರೆ ರೈಲು ಹಾರುತ್ತಂತೆ!

ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊಬೈಲ್ ತೆಗೆದರೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮಾವನ ಫಾರ್ವರ್ಡ್. ‘ಬೆಳಕು ಬಿಟ್ಟರೆ ಸಾಕು, ತಂತಿಯಲ್ಲಿ ಕರೆಂಟ್ ಒಂಚೂರೂ ನಷ್ಟ ಆಗಲ್ಲ! ರೈಲು ಗಾಳಿಯಲ್ಲಿ ತೇಲುತ್ತೆ! ಬಿಲ್ ಕಟ್ಟೋ ಕಾಲ ಮುಗೀತು!’ ಅದರ ಕೆಳಗೆ ಹನ್ನೊಂದು ಜನ ಕೈ ಮುಗಿದಿದ್ದರು. ಯಾರಿಗೆ ಅಂತ ಗೊತ್ತಾಗಲಿಲ್ಲ.

ಸುದ್ದಿ ಪೂರ್ತಿ ಸುಳ್ಳಲ್ಲ, ಅದೇ ತಮಾಷೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಆಂಡ್ರಿಯಾ ಕವಲ್ಲೇರಿ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ದಾರೆ. ವೈಬಿಸಿಒ ಅಂತ ಒಂದು ಪಿಂಗಾಣಿಯಂಥ ವಸ್ತು ಇದೆ. ಮೈನಸ್ 180 ಡಿಗ್ರಿಗಿಂತ ಕೆಳಗೆ ಇಳಿಸಿದರಷ್ಟೇ ಅದು ಸೂಪರ್‌ಕಂಡಕ್ಟರ್, ಅಂದರೆ ಕರೆಂಟನ್ನು ಒಂಚೂರೂ ನಷ್ಟವಿಲ್ಲದೆ ಹರಿಸೋ, ಅಯಸ್ಕಾಂತವನ್ನು ಗಾಳಿಯಲ್ಲಿ ತೇಲಿಸೋ ವಸ್ತು. ಇವರು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್ ಬಿಟ್ಟು, ಒಳಗಿನ ಆಮ್ಲಜನಕದ ಪರಮಾಣುಗಳನ್ನು ಉಯ್ಯಾಲೆ ತೂಗಿದ ಹಾಗೆ ಹದ ನೋಡಿ ತೂಗಿದರು. ಕೋಣೆಯ ಬಿಸಿಯಲ್ಲೂ ಸೂಪರ್‌ಕಂಡಕ್ಟರಿನ ಲಕ್ಷಣ ಕಂಡಿತು ಅಂತ 2014ರಲ್ಲಿ ಹೇಳಿದರು. ಎಷ್ಟು ಹೊತ್ತು? ಕೆಲವು ಪಿಕೊಸೆಕೆಂಡ್.

ಪಿಕೊಸೆಕೆಂಡ್ ಅಂದರೆ ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು. (ಲಕ್ಷ ಕೋಟಿ ಅನ್ನೋ ಮಾತು ನಮ್ಮ ಕಿವಿಗೆ ಬಿದ್ದಿರೋದು ಬಜೆಟ್ ದಿನ ಮಾತ್ರ, ಆವತ್ತೂ ಅರ್ಥ ಆಗಿರಲಿಲ್ಲ ಬಿಡಿ.) ಮಾವನ ರೈಲು ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ಹಾರಿತು ಅಂತಲೇ ಇಟ್ಟುಕೊಳ್ಳೋಣ. ಒಂದು ಪಿಕೊಸೆಕೆಂಡಿನಲ್ಲಿ ಅದು ಹೋಗೋದು ಹೆಚ್ಚುಕಡಿಮೆ ಒಂದು ಪರಮಾಣುವಿನಷ್ಟು ದೂರ. ಆಮೇಲೆ ಎಲ್ಲರೂ ಇಳಿದು ತಳ್ಳಬೇಕು.

ಆಮೇಲೆ ಇನ್ನೊಂದು ವಸ್ತುವಿನಲ್ಲಿ, ಅಂದರೆ ಫುಟ್‌ಬಾಲ್ ಆಕಾರದ ಇಂಗಾಲದ ಅಣುಗಳಿಗೆ ಪೊಟ್ಯಾಸಿಯಂ ಬೆರೆಸಿದ್ದರಲ್ಲಿ, ಈ ಆಯಸ್ಸನ್ನು ನ್ಯಾನೊಸೆಕೆಂಡ್‌ಗಳಿಗೆ ಏರಿಸಿದರು. ಸಾವಿರ ಪಟ್ಟು ಜಾಸ್ತಿ! ನಿಜವಾಗಲೂ ದೊಡ್ಡ ಸಾಧನೆ, ನಗೋ ಮಾತಲ್ಲ. ರೈಲಿನ ಲೆಕ್ಕದಲ್ಲಿ ಮಾತ್ರ ಇನ್ನೂ ಒಂದು ಕೂದಲಿನ ದಪ್ಪದಷ್ಟೂ ಮುಂದೆ ಹೋಗಿಲ್ಲ.

ಪ್ರಯೋಗ ಮಾಡಿದವರ ಮೇಲೆ ನನಗೆ ತಕರಾರಿಲ್ಲ. ಈ ಇಂಗಾಲದ ವಸ್ತುವಿನ ಬಗ್ಗೆ 2016ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದಾಗ ಅವರು ಶೀರ್ಷಿಕೆಯ ಮೊದಲ ಪದವನ್ನೇ ‘ಪಾಸಿಬಲ್’ ಅಂತ ಇಟ್ಟಿದ್ದರು. ಇರಬಹುದು ಅಂತ, ಅಷ್ಟೇ. ಅಷ್ಟು ಕಡಿಮೆ ಹೊತ್ತಿನಲ್ಲಿ ಮೀಟರ್ ಹಚ್ಚಿ ನೋಡೋದು ಸುಲಭವಲ್ಲ, ಇನ್ನೊಂದು ಬೆಳಕು ಬಿಟ್ಟು ಅದು ಹೇಗೆ ವಾಪಸ್ ಬರುತ್ತೆ ಅಂತ ನೋಡಿ ಊಹೆ ಮಾಡಬೇಕು, ಇದು ಸೂಪರ್‌ಕಂಡಕ್ಟರೇ ಹೌದಾ ಅಂತ ತಕರಾರು ಎತ್ತಿದವರೂ ಇದ್ದಾರೆ. ಅದಕ್ಕೇ ಆ ಪದ. ನಮ್ಮ ಫಾರ್ವರ್ಡ್ ವೀರರು ಅದನ್ನು ಉಪ್ಪಿಟ್ಟಿನ ಕರಿಬೇವಿನ ಹಾಗೆ ಮೊದಲು ಎತ್ತಿ ತಟ್ಟೆಯಂಚಿಗಿಟ್ಟು, ಆಮೇಲೆ ತಿನ್ನೋಕೆ ಕೂತರು.

ಕೊನೆಗೆ ತಡೆಯಲಾರದೆ ಮಾವನಿಗೇ ಫೋನ್ ಮಾಡಿದೆ. ಪಿಕೊಸೆಕೆಂಡ್, ಲೇಸರ್, ಆ ಲೇಸರಿಗೂ ಕರೆಂಟ್ ಬೇಕು, ಎಲ್ಲಾ ಬಿಡಿಸಿ ಹೇಳಿದೆ. ಮಧ್ಯೆ ಒಂದು ಮಾತೂ ಆಡದೆ ಕೇಳಿಸಿಕೊಂಡರು.

“ಸರಿ ಕಣೋ, ಅರ್ಥ ಆಯ್ತು,” ಅಂದರು. “ಎಲ್‌ಇಡಿ ಬಲ್ಬ್ ಸಾಕಾಗತ್ತಾ, ಇಲ್ಲಾ ಟ್ಯೂಬ್‌ಲೈಟೇ ಬೇಕಾ?”