ಬಟ್ಟೆಯ ಮಾತು ಸಾಕು, ಓದಿನ ಮಾತಾಡೋಣ

ನಮ್ಮ ಹುಬ್ಬಳ್ಳಿಯ ಮುಸ್ಲಿಂ ಹುಡುಗಿ ತಲೆಗೆ ಏನು ಹಾಕಿಕೊಳ್ಳಬೇಕೆಂದು ಹೇಳದವರಿಲ್ಲ. ಪಿಯುಸಿ ಮುಗಿದ ಮೇಲೆ ಏನು ಓದುತ್ತೀಯವ್ವಾ ಎಂದು ಕೇಳುವವರು ಕಡಿಮೆ. ಕೇರಳದ ಕಲ್ಲಿಕೋಟೆಯಲ್ಲಿ ಸಂಸಾರ ಹೂಡಿದ ಮೇಲೆ ನನಗಿದು ಎದ್ದು ಕಾಣುತ್ತಿದೆ.

ಹಳೇ ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಮಗಳು ಬುರ್ಖಾ ಹಾಕಿಕೊಂಡೇ ಬಸ್ ಹತ್ತುತ್ತಾಳೆ. ಕಾಲೇಜಿನಲ್ಲಿ ಹುಡುಗಿಯರ ಕೋಣೆಗೆ ಹೋಗಿ ತೆಗೆದು, ನಾಲ್ಕು ಮಡಿಕೆ ಮಾಡಿ, ರೆಕಾರ್ಡ್ ಬುಕ್ಕಿನ ಕೆಳಗೆ ಇಡುತ್ತಾಳೆ. ಸಂಜೆ ಮತ್ತೆ ಅದೇ. "ಮಾಮೂ, ಹಾಕ್ಕೊಂಡ್ರ ಕಾಲೇಜಿನಾಗ ಒಂದು ಮಾತು, ತಗದ್ರ ಓಣ್ಯಾಗ ಒಂದು ಮಾತು" ಎನ್ನುತ್ತಾಳೆ. ವಾಟ್ಸಾಪ್ ಡಿಪಿಗೆ ತನ್ನ ಮುಖ ಹಾಕಿದ್ದಳು. ದೊಡ್ಡಪ್ಪನ ಮಗ ಫೋನ್ ಮಾಡಿ ತೆಗೆಸಿದ. ಈಗ ಅಲ್ಲಿ ಗುಲಾಬಿ ಹೂವಿದೆ. ಆ ಹುಡುಗನ ಡಿಪಿಯಲ್ಲಿ ಅವನ ಮುಖ, ಬೈಕು ಎರಡೂ ಇವೆ!

2022ರ ಫೆಬ್ರುವರಿ 5ರಂದು ಕರ್ನಾಟಕ ಸರ್ಕಾರದ ಸಮವಸ್ತ್ರದ ಆದೇಶ ಬಂತು, ತರಗತಿಯಲ್ಲಿ ಹಿಜಾಬಿಗೆ ತಡೆಯಾಯಿತು, ಮಾರ್ಚ್ 15ಕ್ಕೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಪರೀಕ್ಷೆ ಬರೆಯಬೇಕಾದ ಹುಡುಗಿಯರು ಗೇಟಿನ ಹೊರಗೆ ನಿಂತದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಅದು ನನಗೆ ಇವತ್ತಿಗೂ ಸಂಕಟದ ವಿಷಯ.

ಇಲ್ಲಿ ಕಲ್ಲಿಕೋಟೆಯಲ್ಲಿ ತಟ್ಟಂ, ಅಂದರೆ ತಲೆವಸ್ತ್ರ, ಸುತ್ತಿಕೊಂಡ ಹುಡುಗಿ ಸ್ಕೂಟರ್ ಓಡಿಸಿಕೊಂಡು ಕಾಲೇಜಿಗೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಇದು ಸುಮ್ಮನೆ ಆದದ್ದಲ್ಲ. ಸಮುದಾಯದವರೇ ಮುಂದೆ ನಿಂತು 1948ರಲ್ಲಿ ಫಾರೂಕ್ ಕಾಲೇಜು ಕಟ್ಟಿದರು, 1964ರಲ್ಲಿ ಮುಸ್ಲಿಂ ಎಜುಕೇಷನಲ್ ಸೊಸೈಟಿ ಹುಟ್ಟಿತು. ಅದೇ ಸೊಸೈಟಿ 2019ರಲ್ಲಿ ತನ್ನ ಸಂಸ್ಥೆಗಳಲ್ಲಿ ಮುಖ ಮುಚ್ಚುವ ಉಡುಪು ಬೇಡವೆಂದಾಗ ಸಮುದಾಯದೊಳಗೇ ಜೋರು ವಾದ ನಡೆಯಿತು. ಮನೆಯವರ ಜಗಳ ಮನೆಯವರೇ ಆಡಿದರು ಅನ್ನಿ. ಹಾಗಂತ ಇಲ್ಲಿ ಎಲ್ಲ ಸರಿಯಿದೆ ಎನ್ನಲಾರೆ. ರೀಲ್ಸ್ ಮಾಡಿದ ಹುಡುಗಿಗೆ ಇಲ್ಲೂ ಬೈಗುಳ ತಪ್ಪಿಲ್ಲ, ಡಿಗ್ರಿ ಮುಗಿಯುವ ಮೊದಲೇ ನಿಕಾಹ್ ಮಾತು ಇಲ್ಲೂ ಬರುತ್ತದೆ. ಆದರೆ ಮದುವೆಯಾದ ಮೇಲೂ ಓದು ಮುಂದುವರಿಸುವವರು ನನ್ನ ನೆರೆಯಲ್ಲೇ ಇದ್ದಾರೆ.

ನಮ್ಮ ಹುಬ್ಬಳ್ಳಿಯಲ್ಲೂ ಮುಸ್ಲಿಮರ ಸಂಸ್ಥೆ ಅಂಜುಮನ್ ಇದೆ, ಓಣಿಗೊಂದು ಜಮಾತ್ ಇದೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡಿನ ನೆವವೂ ತಪ್ಪಿತು. ಉರ್ದು ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಪಿಯುಸಿಯ ಇಂಗ್ಲಿಷಿಗೆ ಹೆದರುವ ಹುಡುಗಿಯರಿಗೆ ಸಂಜೆ ಪಾಠ ಹೇಳಿಸಬೇಕು, ಹಳ್ಳಿಯಿಂದ ಬರುವವರಿಗೆ ಹಾಸ್ಟೆಲ್ ಕಟ್ಟಿಸಬೇಕು. ನನ್ನ ತಂಗಿಯ ಮಗಳಿಗೆ ಸಿಎ ಮಾಡುವಾಸೆ. ಬುರ್ಖಾ ಹಾಕುವುದೋ ಬಿಡುವುದೋ ಅವಳಿಗೆ ಬಿಡಿ. ಹುಡುಗನ ಫೋಟೊ ತರುವವರು ಇನ್ನೈದು ವರ್ಷ ನಮ್ಮ ತಂಗಿಯ ಮನೆಗೆ ಬರಬೇಡಿ.