ಮೂರು ನಿಮಿಷ ನಲವತ್ತೆರಡು ಸೆಕೆಂಡು

ಇವತ್ತು ಬೆಳಿಗ್ಗೆ ಬನಶಂಕರಿಯಲ್ಲಿ ಮೆಟ್ರೋ ಹತ್ತಿದ್ದೆನಷ್ಟೇ, ಜೇಬಿನಲ್ಲಿ ಫೋನು ಗುರ್ ಅಂದಿತು. ನಮ್ಮ ಸೆಕ್ಷನ್ನಿನ ಹಿರಿಯರ ವಾಯ್ಸ್ ಮೆಸೇಜು. ಉದ್ದ ನೋಡಿದೆ. 3 ನಿಮಿಷ 42 ಸೆಕೆಂಡು. ಇಯರ್‌ಫೋನು ಮನೆಯಲ್ಲಿ ಚಾರ್ಜರ್ ಪಕ್ಕ ಆರಾಮಾಗಿ ಮಲಗಿತ್ತು.

ಬರೆದು ಕಳಿಸಿದ್ದರೆ ಒಂದು ಸಾಲು. ಆದರೆ ಆಫೀಸಿನಲ್ಲಿ ಯಾರು ಹೇಗೆ ಮೆಸೇಜ್ ಮಾಡುತ್ತಾರೆ ಅನ್ನುವುದು ಜಾತಕ ಇದ್ದ ಹಾಗೆ. ತಿದ್ದಲಿಕ್ಕೆ ಬರುವುದಿಲ್ಲ. ನಮ್ಮ ಮ್ಯಾನೇಜರ್ 'ಹಾಯ್' ಅಂತ ಹಾಕಿ ಮಾಯವಾಗುತ್ತಾರೆ. ಮುಂದಿನ ಮಾತು ಊಟದ ಹೊತ್ತಿಗೆ ಬರುತ್ತದೆ. ಅಲ್ಲಿವರೆಗೆ ನಾನು ಈ ತಿಂಗಳು ಮಾಡಿದ ತಪ್ಪುಗಳನ್ನೆಲ್ಲ ಲೆಕ್ಕ ಹಾಕುತ್ತಾ ಕೂತಿರಬೇಕು. ಲಿಫ್ಟಿನಲ್ಲೂ ಅವರು ಹಾಗೇ, ಅರ್ಧ ಮಾತಾಡಿ ಇಳಿದುಬಿಡುತ್ತಾರೆ. ಸ್ಟೋರ್ಸ್ ಗುಮಾಸ್ತರು ಎರಡು ಡಬ್ಬಿ ಸ್ಟೇಪ್ಲರ್ ಪಿನ್ನಿಗೂ 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅಂತಲೇ ಶುರು ಮಾಡುತ್ತಾರೆ. ನಾನೋ, ನಾಲ್ಕು ಸಾಲು ಜಗಳ ಬರೆದು, ಅಳಿಸಿ, ಕೊನೆಗೆ 'ಸರಿ ಸರ್' ಅಂತ ಕಳಿಸುವ ಪುಕ್ಕಲ.

ಹಿರಿಯರಿಗೆ ಮಾತ್ರ ಬೆರಳು ಓಡುವುದಿಲ್ಲ, ಬಾಯಿ ನಿಲ್ಲುವುದಿಲ್ಲ. 2021ರಲ್ಲಿ ವಾಟ್ಸಾಪ್‌ನವರು ವಾಯ್ಸ್ ಮೆಸೇಜನ್ನು ಎರಡು ಪಟ್ಟು ವೇಗದಲ್ಲಿ ಕೇಳುವ ಅನುಕೂಲ ಕೊಟ್ಟಾಗ, ಇವರ ಕಾಟ ಅಲ್ಲಿವರೆಗೂ ಮುಟ್ಟಿತಾ ಅನಿಸಿತ್ತು. ಆದರೆ ಆ ವೇಗದಲ್ಲಿ ಅವರದು ಹರಾಜು ಕೂಗಿದ ಹಾಗೆ ಕೇಳುತ್ತದೆ. ಹಾಗಾಗಿ ಮಾಮೂಲಿ ವೇಗವೇ ಗತಿ.

ಫೋನನ್ನು ಕಿವಿಗೆ ಒತ್ತಿಕೊಂಡೆ. ಮೊದಲು ಗಂಟಲು ಸರಿಮಾಡಿಕೊಂಡರು. ಆಮೇಲೆ ಮೋಡ, ಮಂಡಿನೋವು. ನಡುವೆ ಸೊಪ್ಪಿನವರ ಹತ್ತಿರ ಚೌಕಾಸಿ: 'ದಂಟು ಇಪ್ಪತ್ತಾ? ಬೇಡ ಹೋಗಮ್ಮ. ಹೋಗೇಬಿಟ್ಯಾ? ಬಾ ಬಾ, ಕೊಡು.' ಅಷ್ಟರಲ್ಲಿ ಆರ್.ವಿ. ರೋಡ್ ಬಂತು. ಹಳದಿ ಲೈನಿನಿಂದ ಇಳಿದ ಜನವೆಲ್ಲ ಒಳಗೆ ನುಗ್ಗಿತು. ಯಾರದೋ ಬ್ಯಾಗು ಮೊಣಕೈಗೆ ಬಡಿಯಿತು, ಫೋನು ಕಿವಿಯಿಂದ ಜಾರಿತು. ಕಿವಿ ಬಿಟ್ಟರೆ ಅದು ಸ್ಪೀಕರಿಗೆ ಹಾರುತ್ತದೆ, ಅಲ್ವಾ?

'ಈ ವಿಷಯ ನಿಮ್ಮಲ್ಲೇ ಇರಲಿ. ಇನ್ನೊಬ್ಬರ ಕಿವಿಗೆ ಬೀಳಬಾರದು!'

ಇಡೀ ಬೋಗಿ ಕಿವಿ ನೆಟ್ಟಗೆ ಮಾಡಿಕೊಂಡಿತು. ನಾನು ಆ ನೂಕಾಟದಲ್ಲಿ ಬಗ್ಗಿ, ಯಾರದೋ ಚಪ್ಪಲಿ ಪಕ್ಕದಲ್ಲಿ ಫೋನು ಹುಡುಕುತ್ತಿದ್ದೆ. ಕುಕ್ಕರ್ ಕೂಗಿತು. ಮತ್ತೆ ಕೂಗಿತು. ಇನ್ನೊಂದು ಸಲ ಕೂಗಿತು. ಬಾಗಿಲ ಹತ್ತಿರ ನಿಂತಿದ್ದ ಅಜ್ಜಿಯೊಬ್ಬರು 'ಮೂರಾಯ್ತು, ಆರಿಸಬಾರದಾ' ಅಂದರು. ಕೊನೆಗೂ ಬಂತು ಗುಟ್ಟು:

'ಬಿಡಿ, ಸಿಕ್ಕಾಗ ಹೇಳ್ತೀನಿ.'

ಎಲ್ಲರೂ ನನ್ನನ್ನೇ ದುರುಗುಟ್ಟಿ ನೋಡಿದರು. ಅವರಿಗೂ ಮೋಸ ಆಗಿತ್ತಲ್ಲ.

ಮೊದಲೆಲ್ಲ ಈ ಮೆಸೇಜುಗಳ ಹಿಂದಿನಿಂದ ಒಂದು ಹೆಂಗಸಿನ ದನಿ ಬರುತ್ತಿತ್ತು. 'ಮಾತು ಸಾಕು, ಡಬ್ಬಿ ಮರೀಬೇಡಿ' ಅಂತ. ಎರಡು ವರ್ಷದಿಂದ ಬರೀ ಕುಕ್ಕರಿನ ಸದ್ದು.

ಅದಕ್ಕೇ ಬೈಯಬೇಕು ಅಂತ ಹೋದವನು ಸುಮ್ನೆ ಅವರ ಟೇಬಲ್ ಮುಂದೆ ನಿಂತೆ.

"ವಾಯ್ಸ್ ಕೇಳಿದ್ರಾ?"

"ಕೇಳಿದೆ ಸರ್. ಏನೋ ಸಿಕ್ಕಾಗ ಹೇಳ್ತೀನಿ ಅಂದ್ರಿ."

"ಹೌದಾ?" ಅಂತ ತಲೆ ಕೆರೆದುಕೊಂಡರು. "ಏನ್ ವಿಷಯ ಅಂತ ಅದ್ರಲ್ಲಿ ಹೇಳಿದ್ನಾ?"